ಎರಡು ಪಟ್ಟು ಸರಿ, ನೆಟ್ಟಗೋ ತಲೆಕೆಳಗೋ?

ಆತ್ಮೀಯರೇ,

ವರ್ಧನೆಯಿಂದ (ಪ್ರತಿಬಿಂಬ ವಸ್ತುವಿನ ಎಷ್ಟು ಪಟ್ಟು ಎಂಬುದರಿಂದ) ನಿಮ್ನ ದರ್ಪಣದ, ಅಂದರೆ ಒಳಬಾಗಿದ ಕನ್ನಡಿಯ, ಸಂಗಮ ದೂರ (ಬಹುದೂರದಿಂದ ಬಂದ ಬೆಳಕು ಕೂಡುವ ಬಿಂದು ಕನ್ನಡಿಯಿಂದ ಇರುವ ದೂರ) ಕಂಡುಹಿಡಿಯುವ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿ ಎಂದು ಮನಸಾರೆ ಕೇಳುತ್ತಿದ್ದೇನೆ, ಯಾಕೆಂದರೆ ಶುರುವಿನ ಭಾಗ ತುಂಬ ಚೆನ್ನಾಗಿದೆ. ನಿಮ್ಮ ತಂದೆಯವರ ಶೇವಿಂಗ್ ಕನ್ನಡಿ, ಅದರಲ್ಲಿ ಎರಡು ಪಟ್ಟು ದೊಡ್ಡದಾಗಿ ಕಾಣುವ ನೊರೆ ಮೆತ್ತಿದ ಕೆನ್ನೆ, ಎಲ್ಲ ಕಣ್ಣಿಗೆ ಕಟ್ಟುತ್ತದೆ.

ಎಡವಿರುವುದು ಲೆಕ್ಕದಲ್ಲಿ. ಮುಖ ಕನ್ನಡಿಯಿಂದ 20 ಸೆಂ.ಮೀ. ದೂರ, ವರ್ಧನೆ 2, ಆದ್ದರಿಂದ ಸಂಗಮ ದೂರ 13.3 ಸೆಂ.ಮೀ. ಎಂದಿದ್ದೀರಿ. ವರ್ಧನೆಯನ್ನು ಮೈನಸ್ 2 ಎಂದು ಹಿಡಿದರೆ ಮಾತ್ರ ಈ ಉತ್ತರ ಬರುತ್ತದೆ. ಅಂದರೆ ಪ್ರತಿಬಿಂಬ ತಲೆಕೆಳಗಾಗಿರಬೇಕು. ನಿಮ್ಮ ತಂದೆಯವರಿಗೆ ಮುಖ ನೆಟ್ಟಗೇ ಕಾಣುತ್ತಿತ್ತು ಅಲ್ವಾ? ಹಾಗಾದರೆ ವರ್ಧನೆ ಪ್ಲಸ್ 2. ಮಿಥ್ಯ ಪ್ರತಿಬಿಂಬ (ಪರದೆಯ ಮೇಲೆ ಹಿಡಿಯಲಾಗದ್ದು) ಕನ್ನಡಿಯ ಹಿಂದೆ 40 ಸೆಂ.ಮೀ.ನಲ್ಲಿ, ಸಂಗಮ ದೂರವೂ 40 ಸೆಂ.ಮೀ. ನಿಮ್ಮ 13.3 ನಿಜವಾಗಿದ್ದರೆ ಪ್ರತಿಬಿಂಬ ಅವರ ಮುಖಕ್ಕಿಂತ 20 ಸೆಂ.ಮೀ. ಹಿಂದೆ ಮೂಡುತ್ತಿತ್ತು. ಕನ್ನಡಿಯಲ್ಲಿ ಮುಖ ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಮಕ್ಕಳು ತಪ್ಪುವುದೂ ಈ ಚಿಹ್ನೆಯಲ್ಲೇ. ಲೇಖನದ ಜೀವ ಇಲ್ಲಿದೆ, ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ವ್ಯಾಖ್ಯೆಗಳ ಪುಟ ತೆಗೆದುಬಿಡಿ. ಅದು ಪಠ್ಯಪುಸ್ತಕದಲ್ಲೇ ಇದೆ.

ಪ್ರಯೋಗಕ್ಕೆ ಮೇಣದ ಬತ್ತಿ ಬೇಡ. ಅಲ್ಲಾಡುವ ಜ್ವಾಲೆಯ ಎತ್ತರ ಅಳೆಯುವುದು ಹೇಗೆ? ರಟ್ಟಿನಲ್ಲಿ 1 ಸೆಂ.ಮೀ. ತೂತು ಕೊರೆದು ಹಿಂದೆ ಟಾರ್ಚ್ ಇಡಲು ಹೇಳಿ. ಕನ್ನಡಿ ತುಸು ಓರೆಯಾಗಿರಲಿ, ಇಲ್ಲದಿದ್ದರೆ ರಟ್ಟೇ ಬೆಳಕಿಗೆ ಅಡ್ಡ ಬರುತ್ತದೆ. ತೂತಿನ ಸ್ಪಷ್ಟ ಪ್ರತಿಬಿಂಬ ಪರದೆಯ ಮೇಲೆ 1 ಸೆಂ.ಮೀ. ಆದಾಗ ಪರದೆಯ ಜಾಗ ಗುರುತು ಮಾಡಲಿ. ಆಮೇಲೆ ರಟ್ಟನ್ನು ಕನ್ನಡಿಯ ಹತ್ತಿರ ತಂದು, ಪರದೆಯನ್ನು ಹಿಂದೆ ಸರಿಸಿ, ಪ್ರತಿಬಿಂಬವನ್ನು 2 ಸೆಂ.ಮೀ. ಮಾಡಲಿ. ಪರದೆ ಸರಿದ ದೂರವೇ ಸಂಗಮ ದೂರ! ಮೊದಲ ಸಲ ಪರದೆ ಸಂಗಮ ದೂರದ ಎರಡರಷ್ಟು ದೂರದಲ್ಲಿರುತ್ತದೆ, ಎರಡನೆಯ ಸಲ ಮೂರರಷ್ಟು. ಸಂಗಮ ದೂರ 15 ಸೆಂ.ಮೀ. ಇರುವ ಕನ್ನಡಿಯಾದರೆ ಪರದೆ 30ರಿಂದ 45ಕ್ಕೆ ಸರಿಯುತ್ತದೆ. ಕನ್ನಡಿಯ ಗುಳಿಯ ತಳದಿಂದ ಅಳೆಯುವ ತಾಪತ್ರಯವೂ ಇಲ್ಲ. ಇಷ್ಟು ಸೊಗಸಾದ ವಿಷಯ ನಿಮ್ಮ ಲೇಖನದಲ್ಲಿ ಬಂದೇ ಇಲ್ಲ.

ಮೊದಲು ನೀವೇ ಕತ್ತಲೆ ಕೋಣೆಯಲ್ಲಿ ಮಾಡಿ ನೋಡಿ. ನಿಮಗೆ ಸಿಕ್ಕ ಅಂಕಿಗಳನ್ನೇ ಬರೆಯಿರಿ, ಅವು ಒಂದಿಷ್ಟು ಆಚೀಚೆ ಆದರೂ ಪರವಾಗಿಲ್ಲ.