ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ರಿಕೆಲ್ಮೆ ಅಷ್ಟು ಒಳ್ಳೆ ಪ್ಲೇಯರ್ ಆಗಿದ್ರೆ ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ನಲ್ಲಿ ಯಾಕೆ ನಿಲ್ಲಲಿಲ್ಲ?

ನಿಲ್ಲಲಿಲ್ಲ ಅನ್ನೋದಕ್ಕಿಂತ ಅವನ ಜಾಗದಲ್ಲಿ ಆಡಿಸಲೇ ಇಲ್ಲ ಅನ್ನಿ. 2002ರಲ್ಲಿ ಅರ್ಜೆಂಟೀನಾದ ಕ್ಲಬ್ ಬೋಕಾ ಜೂನಿಯರ್ಸ್‌ನಿಂದ ಹೋದಾಗ ಕೋಚ್ ವಾನ್ ಗಾಲ್, ಈ ಮನುಷ್ಯನ್ನ ವಿಂಗ್‌ಗೆ, ಅಂದ್ರೆ ಮೈದಾನದ ಅಂಚಿಗೆ ತಳ್ಳಿದ್ರು, ಓಡೋದೇ ಕಮ್ಮಿ ಇರೋನನ್ನ! ಮುಂದಿನ ವರ್ಷ ಸ್ಪೇನ್‌ನದ್ದೇ ಇನ್ನೊಂದು ಕ್ಲಬ್ ವಿಯಾರಿಯಲ್‌ಗೆ ಹೋಗಿ ಮಧ್ಯದಲ್ಲಿ ನಿಂತು ಆಡಿದ್ದೇ ತಡ, ಆ ಪುಟ್ಟ ಊರಿನ ಟೀಮ್ 2006ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತನಕ ಬಂತು, ಆದ್ರೆ ಆರ್ಸೆನಲ್ ಮೇಲೆ ಕೊನೇ ಗಳಿಗೆಯ ಪೆನಾಲ್ಟಿ ಇವನೇ ಹೊಡೆದ, ಅವರ ಗೋಲ್‌ಕೀಪರ್ ಲೇಮನ್ ತಡೆದುಬಿಟ್ಟ. ಅದೇ ವರ್ಷ ವರ್ಲ್ಡ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ಮೇಲೆ 1-0 ಲೀಡ್ ಇದ್ದಾಗ ಇವನನ್ನ ಹೊರಗೆ ಕರೆದ್ರು, ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಸೋತ್ತು. ನನಗಂತೂ ಇವತ್ತಿಗೂ ಆ ಸಬ್‌ಸ್ಟಿಟ್ಯೂಷನ್ ಅರ್ಥ ಆಗಿಲ್ಲ.

ಅವನ ಆಟ ಏನು ಅಂತ ಗೊತ್ತಾಗ್ಬೇಕಂದ್ರೆ 2000ದ ಲಿಬರ್ಟಡೋರೆಸ್‌ನಲ್ಲಿ (ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿ) ಬೋಕಾದ ಬದ್ಧವೈರಿ ರಿವರ್ ಪ್ಲೇಟ್ ಮೇಲಿನ ಮ್ಯಾಚ್ ನೋಡಿ, ಸೈಡ್‌ಲೈನ್ ಹತ್ರ ರಿವರ್ ಡಿಫೆಂಡರ್ ಯೆಪೆಸ್‌ಗೆ ಬೆನ್ನು ಹಾಕಿ ನಿಂತವನು ಬೂಟಿನ ಅಡಿಯಿಂದ ಬಾಲ್‌ನ ಮೆಲ್ಲಗೆ ಹಿಂದಕ್ಕೆಳೆದು ಅವನ ಕಾಲ್ಮಧ್ಯೆನೇ ದಾಟಿಸಿಬಿಟ್ಟ. ಅದೇ ವರ್ಷ ಟೋಕಿಯೋದಲ್ಲಿ, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ನಡುವಿನ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ, ರಿಯಲ್ ಮ್ಯಾಡ್ರಿಡ್‌ನೂ ಬೋಕಾ 2-1ರಲ್ಲಿ ಸೋಲಿಸ್ತು.

2007ರಲ್ಲಿ ಬೋಕಾಗೆ ವಾಪಸ್ ಬಂದು ಇನ್ನೊಂದು ಲಿಬರ್ಟಡೋರೆಸ್ ಗೆದ್ದ, ಬ್ರೆಜಿಲ್‌ನ ಗ್ರೆಮಿಯೋ ಮೇಲಿನ ಎರಡು ಮ್ಯಾಚ್‌ಗಳ ಫೈನಲ್‌ನ ಐದು ಗೋಲಲ್ಲಿ ಮೂರು ಇವನದೇ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಚಿನ್ನ, ಅದರಲ್ಲಿ ಮೆಸ್ಸಿ ಇದ್ರೂ ಕ್ಯಾಪ್ಟನ್ ಇವನೇ. 2023ರಲ್ಲಿ ಎಲೆಕ್ಷನ್ ಗೆದ್ದು ಬೋಕಾ ಪ್ರೆಸಿಡೆಂಟೂ ಆದ.