ಕ್ಯಾನ್‌ಬೆರಾದ ಆರಂಭದ ಛಾಯಾಚಿತ್ರಗಳಲ್ಲಿ ಮನೆಗಳಿಗಿಂತ ರಸ್ತೆಗಳೇ ಹೆಚ್ಚು ಕಾಣುವುದೇಕೆ?

ಅಲ್ಲಿ ಊರಿಗಿಂತ ಮೊದಲು ನಕ್ಷೆ ಹುಟ್ಟಿದ್ದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಜನರು ಮನೆ ಕಟ್ಟಿಕೊಂಡ ಮೇಲೆ ದಾರಿಗಳು ಮೂಡುತ್ತವೆ. ಆದರೆ ಆಸ್ಟ್ರೇಲಿಯಾದ ಈ ರಾಜಧಾನಿಗೆ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ವಿನ್ಯಾಸವು 1912ರಲ್ಲೇ ಆಯ್ಕೆಯಾಗಿದ್ದರಿಂದ, ಕುರಿಗಳು ಮೇಯುತ್ತಿದ್ದ ಬಯಲಿನಲ್ಲಿ ರಸ್ತೆ, ಚರಂಡಿ, ಸಾಲುಮರಗಳು ಮೊದಲು ಬಂದು, ಕಟ್ಟಡಗಳು ನಿಧಾನವಾಗಿ ಅವುಗಳನ್ನು ಹಿಂಬಾಲಿಸಿದವು. ಸರ್ಕಾರದ ಪರವಾಗಿ ವಿಲಿಯಂ ಮಿಲ್ಡನ್‌ಹಾಲ್ ಅವರು 1921ರಿಂದ 1935ರವರೆಗೆ ಗಾಜಿನ ಫಲಕಗಳ ಮೇಲೆ ತೆಗೆದ ಸಾವಿರಾರು ಚಿತ್ರಗಳು ಈ ಕ್ರಮವನ್ನೇ ದಾಖಲಿಸಿವೆ. ಅವುಗಳಲ್ಲಿ ನನ್ನನ್ನು ಬಹಳವಾಗಿ ಸೆಳೆಯುವುದು ಅಲ್ಲಿ ಇನ್ನೂ ಇರದ ಸರೋವರ: ನಕ್ಷೆಯ ನಟ್ಟನಡುವೆ ಇದ್ದ ಆ ಸರೋವರ ತುಂಬಿದ್ದು 1964ರಲ್ಲಿ, ಹಾಗಾಗಿ 1927ರಲ್ಲಿ ಉದ್ಘಾಟನೆಗೊಂಡ ಸಂಸತ್ ಭವನದ ಎದುರಿಗೆ ಚಿತ್ರಗಳಲ್ಲಿ ಕಾಣುವುದು ಮೊಲಾಂಗ್ಲೊ ನದಿಯ ಹುಲ್ಲುಬಯಲು.