ನಗುವವನೂ ನಗದವನೂ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ‘ನನ್ನ ಬಾಲ್ಯದ ಗೆಳೆಯ ಕ್ಯಾನ್ಸರಿನ ಕೊನೇ ಹಂತದಲ್ಲಿದ್ದಾನೆ. ನೋಡಲು ಬಂದವರೆಲ್ಲ “ಆನಂದ್ ಸಿನಿಮಾದ ರಾಜೇಶ್ ಖನ್ನಾ ಥರ ನಗ್ತಾ ಇರಪ್ಪ” ಅಂತ ಹೇಳಿ ಹೋಗ್ತಾರೆ. ಅವರು ಹೋದಮೇಲೆ ಇವನು ಗೋಡೆ ಕಡೆ ತಿರುಗಿ ಮಲಗ್ತಾನೆ. ನನ್ನ ಹತ್ತಿರ ಮಾತ್ರ, ಕಾಲೇಜಿನಲ್ಲಿ ಕೊಟ್ಟ ಇನ್ನೂರು ರೂಪಾಯಿ ವಾಪಸ್ ಕೇಳಿ ಬೈತಾನೆ. ಸಾಯುವವನಿಗೆ ನಗುವ ಕೆಲಸವನ್ನೂ ಹಚ್ಚಿದ ಆ ಸಿನಿಮಾವನ್ನು ನೀವು ಹೊಗಳೋದು ಯಾಕೆ?’

ಉತ್ತರ: ನಿಮ್ಮ ಸಿಟ್ಟು ಸರಿಯೇ. ಆದರೆ ಅದು ಮುಟ್ಟಬೇಕಾದದ್ದು ಆ ನೆಂಟರಿಷ್ಟರಿಗೆ, ಚಿತ್ರದ ನಿರ್ದೇಶಕ ಹೃಷಿಕೇಶ್ ಮುಖರ್ಜಿಯವರಿಗಲ್ಲ. 1971ರ ಆ ಚಿತ್ರವನ್ನು ಇವರೆಲ್ಲ ಅರ್ಧ ನೋಡಿ ಎದ್ದು ಬಂದಿರಬೇಕು.

ಆನಂದನಿಗೆ ‘ನಗು’ ಎಂದು ಯಾರೂ ಹೇಳುವುದಿಲ್ಲ. ತನಗೆ ಬಂದಿರುವುದು ಲಿಂಫೋಸಾರ್ಕೋಮಾ ಎಂಬ ಕರುಳಿನ ಕ್ಯಾನ್ಸರ್ ಅಂದಾಗ, ಯಾವುದೋ ವೈಸ್‌ರಾಯ್ ಹೆಸರಿನ ಹಾಗಿದೆಯಲ್ಲ ಅಂತ ಅವನೇ ತಮಾಷೆ ಮಾಡುತ್ತಾನೆ. ಕಾಯಿಲೆ ಅವನದು, ತಮಾಷೆಯ ಹಕ್ಕೂ ಅವನದೇ. ಅದೇ ಆನಂದ್ ಸಂಜೆ ಹೊತ್ತು ಒಬ್ಬನೇ ಕೂತು ಮುಕೇಶರ ದನಿಯಲ್ಲಿ ‘ಕಹೀಂ ದೂರ್ ಜಬ್’ ಹಾಡುವಾಗ ಮುಖದಲ್ಲಿ ನಗುವಿಲ್ಲ. ಪಕ್ಕದಲ್ಲಿರುವ ಡಾಕ್ಟರ್ ಭಾಸ್ಕರನಂತೂ ಸದಾ ಗಂಟುಮುಖದವನು. ಗೆಳೆಯನನ್ನು ಉಳಿಸಿಕೊಳ್ಳಲಾಗದ ಸಿಟ್ಟು ಅವನಿಗೆ. ಭಾಸ್ಕರನ ಪಾತ್ರ ಮಾಡಿದ, ಆಗಿನ್ನೂ ಹೊಸಬರಾಗಿದ್ದ ಅಮಿತಾಭ್ ಆ ಸಿಟ್ಟನ್ನು ಎಲ್ಲೂ ಸಿಹಿ ಮಾಡಲಿಲ್ಲ. ನನಗೆ ಇದು ಮೊದಲಿಂದಲೂ ಭಾಸ್ಕರನ ಸಿನಿಮಾ.

ಒಂದು ತಕರಾರು ನನ್ನದೂ ಇದೆ. ಕರುಳಿನ ಕ್ಯಾನ್ಸರಿನವನ ಕೆನ್ನೆ ಅಷ್ಟು ತುಂಬಿಕೊಂಡಿರುತ್ತದೆಯೇ? ವಾಂತಿ, ಸಂಕಟ, ನಿದ್ದೆಯಿಲ್ಲದ ರಾತ್ರಿಗಳನ್ನು ಚಿತ್ರ ಹಾರಿಸಿಬಿಡುತ್ತದೆ. ಹಾಗಾಗಿ ಕೇಳುತ್ತೇನೆ: ನಿಮ್ಮ ಗೆಳೆಯ ಗೋಡೆಗೆ ತಿರುಗುವುದು ಬೇಜಾರಿಗೋ, ನೋವಿಗೋ? ನೋವಿಗಾದರೆ ನಗುವಿನಿಂದ ಅದು ಹೋಗುವುದಿಲ್ಲ. ಮಾರ್ಫಿನ್ ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ‘ಚಟ ಹತ್ತುತ್ತೆ’ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಕೊನೆಯ ದೃಶ್ಯ ನೆನಪಿದೆಯೇ? ಭಾಸ್ಕರ್ ಔಷಧಿ ಹಿಡಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವನು ಸಮಾಧಾನದ ಮಾತಾಡುವುದಿಲ್ಲ, ಹೆಣವನ್ನೇ ಗದರಿಸುತ್ತಾನೆ: ಆರು ತಿಂಗಳಿಂದ ಬಡಬಡ ಅಂತ ನನ್ನ ತಲೆ ತಿಂದೆಯಲ್ಲ, ಈಗ ಮಾತಾಡು! ಉತ್ತರ ಬರುವುದು ಆನಂದನದೇ ದನಿಯಲ್ಲಿ, ತಿರುಗುತ್ತಲೇ ಇದ್ದ ಟೇಪ್ ರೆಕಾರ್ಡರಿನಿಂದ.

ನಿಮ್ಮಿಬ್ಬರ ನಡುವೆ ಬೈಗುಳ ಇನ್ನೂ ನಡೆದಿದೆ. ಆ ಇನ್ನೂರು ರೂಪಾಯಿ ಸದ್ಯಕ್ಕೆ ಕೊಡಬೇಡಿ.

— ಸಂ.